ಒಂದೇ ಅಣು, ಎರಡು ವ್ಯಾಪಾರ

1970ರ ದಶಕದ ಜಪಾನಿನಲ್ಲಿ ಜನ ಜರ್ಮೇನಿಯಂ ತಿನ್ನತೊಡಗಿದರು. ಟ್ರಾನ್ಸಿಸ್ಟರ್ ರೇಡಿಯೋದೊಳಗೆ ಕೂತಿದ್ದ ಅದೇ ಧಾತು ಈಗ ಪುಡಿಯಾಗಿ, ಮಾತ್ರೆಯಾಗಿ, ನೀರಿಗೆ ಬೆರೆಸಿದ ಪಾನೀಯವಾಗಿ ಮನೆಮನೆಗೆ ಹೋಯಿತು. ಸಂಧಿವಾತದಿಂದ ಕ್ಯಾನ್ಸರಿನವರೆಗೆ ಅದು ಗುಣಪಡಿಸದ ಕಾಯಿಲೆಯೇ ಇಲ್ಲ ಎಂದು ಮಾರುವವರು ಹೇಳಿದರು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅದನ್ನು ನಂಬಿ ತಿಂದವರಲ್ಲಿ ಹಲವರ ಮೂತ್ರಪಿಂಡ ಕೈಕೊಟ್ಟಿತು, ಕೆಲವರು ಸತ್ತರು. ಕತೆ ಇಲ್ಲಿಗೇ ಮುಗಿದಿದ್ದರೆ ಸಂತೆಯ ಸಂಜೀವಿನಿಗಳ ಉದ್ದ ಪಟ್ಟಿಗೆ ಇದನ್ನೂ ಸೇರಿಸಿ ಸುಮ್ಮನಾಗಬಹುದಿತ್ತು. ಆದರೆ 1994ರಲ್ಲಿ, ಆ ಮಾತ್ರೆಗಳ ಲೇಬಲ್ಲಿನ ಮೇಲಿದ್ದ ಸಾವಯವ ಜರ್ಮೇನಿಯಂ ಸಂಯುಕ್ತವೇ ಜಪಾನ್ ಸರ್ಕಾರದ ಅನುಮತಿ ಪಡೆದು, ಹೆಪಟೈಟಿಸ್ ಬಿ ರೋಗಕ್ಕೆ ವೈದ್ಯರು ಬರೆದುಕೊಡುವ ಔಷಧವಾಯಿತು. ಹೀಗೆ ಒಂದೇ ಅಣು ಎರಡು ಬಗೆಯ ವ್ಯಾಪಾರ ಕಂಡಿತು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳದಲ್ಲಿ ಎರಡೂ ಪಕ್ಷದವರು ಅಣುವನ್ನಷ್ಟೇ ನೋಡುತ್ತ ಬಂದಿದ್ದಾರೆ. ಅದನ್ನು ಯಾರು, ಎಷ್ಟು ಶುದ್ಧವಾಗಿ, ಎಷ್ಟು ದಿನಕ್ಕೆಂದು ಕೊಟ್ಟರು, ಕೊಟ್ಟ ಮೇಲೆ ಯಾರು ಲೆಕ್ಕ ಇಟ್ಟರು ಎಂಬುದರ ಮೇಲೆಯೇ ಈ ವಸ್ತುವಿನ ಚರಿತ್ರೆಯೆಲ್ಲ ನಿಂತಿದೆ ಎಂಬುದು ನನ್ನ ವಾದ.

ಜರ್ಮೇನಿಯಂ ಬೆಳಕಿಗೆ ಬಂದದ್ದೇ ಲೆಕ್ಕದಲ್ಲಿ ಬಂದ ಒಂದು ಕೊರತೆಯಿಂದ. ಜರ್ಮನಿಯ ಫ್ರೈಬರ್ಗ್ ಬಳಿಯ ಹಿಮ್ಮೆಲ್ಸ್‌ಫ್ಯೂರ್ಸ್ಟ್ ಬೆಳ್ಳಿ ಗಣಿಯಲ್ಲಿ 1885ರಲ್ಲಿ ಆರ್ಗಿರೋಡೈಟ್ ಎಂಬ ಹೊಸ ಖನಿಜ ಸಿಕ್ಕಿತು. ಕ್ಲೆಮೆನ್ಸ್ ವಿಂಕ್ಲರ್ ಅದನ್ನು ಬಿಡಿಸಿ ತೂಗಿದಾಗ ಬೆಳ್ಳಿ, ಗಂಧಕ ಎಲ್ಲ ಕೂಡಿಸಿದರೂ ಶೇ. 7ರಷ್ಟು ತೂಕ ಕಡಿಮೆ ಬೀಳುತ್ತಿತ್ತು. ಎಷ್ಟು ಸಲ ತೂಗಿದರೂ ಅದೇ ಕೊರತೆ. ಕೊನೆಗೆ 1886ರ ಫೆಬ್ರವರಿಯಲ್ಲಿ ಅವನು ಆ ಕೊರತೆಯೊಳಗಿದ್ದ ಹೊಸ ಧಾತುವನ್ನು ಹೊರತೆಗೆದು, ತನ್ನ ದೇಶದ ಹೆಸರನ್ನೇ ಅದಕ್ಕೆ ಇಟ್ಟ. ರಷ್ಯದ ಮೆಂಡಲೀವ್ 1871ರಲ್ಲಿಯೇ ಆವರ್ತ ಕೋಷ್ಟಕದ ಖಾಲಿ ಮನೆ ನೋಡಿ, ಸಿಲಿಕಾನ್ ಕೆಳಗೆ ಪರಮಾಣು ತೂಕ 72 ಇರುವ ಧಾತುವೊಂದು ಸಿಗಬೇಕು ಎಂದಿದ್ದ. ಇಂಗಾಲದ ಗುಂಪುಗಳಿಗೆ ಅದು ಅಂಟಿಕೊಂಡು ಕೊಡುವ ಈಥೈಲ್ ಸಂಯುಕ್ತ 160 ಡಿಗ್ರಿಯಲ್ಲಿ ಕುದಿಯುತ್ತದೆ ಎಂದೂ ಊಹಿಸಿದ್ದ. 1887ರಲ್ಲಿ ವಿಂಕ್ಲರ್ ಆ ಟೆಟ್ರಾಈಥೈಲ್ ಜರ್ಮೇನ್ ತಯಾರಿಸಿ ನೋಡಿದರೆ ಅದು 163 ಡಿಗ್ರಿಗೆ ಕುದಿಯಿತು. ಜಗತ್ತಿನ ಮೊದಲ ಸಾವಯವ ಜರ್ಮೇನಿಯಂ ಸಂಯುಕ್ತ ಹುಟ್ಟಿದ್ದು ಹೀಗೆ, ಒಂದು ಭವಿಷ್ಯವಾಣಿಯ ಪರೀಕ್ಷೆಗೆಂದು. ಆಗ ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ. 1922ರಲ್ಲಿ ಅಮೆರಿಕದ ಕೆಲವರು ಜರ್ಮೇನಿಯಂ ಡೈಆಕ್ಸೈಡಿನಿಂದ ಕೆಂಪು ರಕ್ತಕಣಗಳು ಹೆಚ್ಚುತ್ತವೆ ಎಂದು ಬರೆದರು. ರಕ್ತಹೀನತೆಗೆ ಅದನ್ನು ಕೊಟ್ಟೂ ನೋಡಿದರು, ಭರವಸೆ ಉಳಿಯಲಿಲ್ಲ. ಅರವತ್ತು ವರ್ಷದ ನಂತರ ಅದೇ ಡೈಆಕ್ಸೈಡ್ ತಿಂದವರು ಆಸ್ಪತ್ರೆಗೆ ಬಂದಾಗ ಅವರ ಲಕ್ಷಣಗಳ ಪಟ್ಟಿಯಲ್ಲಿ ರಕ್ತಹೀನತೆಯೂ ಇತ್ತು.

ಈ ಧಾತುವಿನ ಅದೃಷ್ಟ ತಿರುಗಿದ್ದು 1947ರ ಡಿಸೆಂಬರಿನಲ್ಲಿ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಜರ್ಮೇನಿಯಂ ತುಣುಕಿನ ಮೇಲೆ ಮೊದಲ ಟ್ರಾನ್ಸಿಸ್ಟರ್ ನಡೆಸಿ ತೋರಿಸಿದರು. ಮುಂದಿನ ಹದಿನೈದು ವರ್ಷ ಎಲ್ಲ ದೇಶಗಳಿಗೂ ಜರ್ಮೇನಿಯಂ ಬೇಕಾಯಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೆ ಇಳಿಯಿತು. ಆದರೆ ಈ ಧಾತುವಿಗೆ ತನ್ನದೇ ಎನ್ನುವಂಥ ದೊಡ್ಡ ಗಣಿಯಿಲ್ಲ. ಸತುವಿನ ಅದಿರಿನಲ್ಲಿ ಅಷ್ಟಿಷ್ಟು ಸಿಗುತ್ತದೆ, ಕಲ್ಲಿದ್ದಲಿನಲ್ಲಿಯೂ ಸಿಗುತ್ತದೆ. ಕೆಲವು ಕಲ್ಲಿದ್ದಲಿನ ಬೂದಿಯಲ್ಲಿ ಅದು ಕೂಡಿಕೊಂಡಿರುವುದನ್ನು ಭೂರಸಾಯನಜ್ಞ ಗೋಲ್ಡ್‌ಸ್ಮಿತ್ 1930ರ ದಶಕದಲ್ಲಿಯೇ ತೋರಿಸಿದ್ದ. ಬ್ರಿಟನ್ನಿನವರು ಅನಿಲ ಕಾರ್ಖಾನೆಗಳ ಚಿಮಣಿ ಧೂಳಿನಿಂದ ಅದನ್ನು ಬಸಿದರು. ಯುದ್ಧದಲ್ಲಿ ಸೋತು ಕಲ್ಲಿದ್ದಲೊಂದನ್ನೇ ನೆಚ್ಚಿಕೊಂಡಿದ್ದ ಜಪಾನಿನಲ್ಲಿ ಕಝುಹಿಕೊ ಅಸಾಯ್ ಎಂಬ ಕಲ್ಲಿದ್ದಲು ಸಂಶೋಧಕನ ಕಣ್ಣಿಗೂ ಈ ಧಾತು ಬಿತ್ತು.

ಅಸಾಯ್ ಸಾಧಾರಣ ಮನುಷ್ಯನಲ್ಲ, ಮೋಸಗಾರನೂ ಅಲ್ಲ. ಅವನ ತಂಡ 1967ರಲ್ಲಿ ತಯಾರಿಸಿದ ಸಂಯುಕ್ತಕ್ಕೆ ಪ್ರಯೋಗಶಾಲೆಯ ಹೆಸರು ಜಿಇ-132. ರಾಸಾಯನಿಕ ಹೆಸರು ಬಿಸ್-ಕಾರ್ಬಾಕ್ಸಿಈಥೈಲ್ ಜರ್ಮೇನಿಯಂ ಸೆಸ್ಕ್ವಿಆಕ್ಸೈಡ್. ಜರ್ಮೇನಿಯಂ ಡೈಆಕ್ಸೈಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಹೈಪೋಫಾಸ್ಫರಸ್ ಆಮ್ಲದಿಂದ ಅಪಕರ್ಷಿಸಿ, ಹುಟ್ಟಿದ ಟ್ರೈಕ್ಲೋರೋಜರ್ಮೇನನ್ನು ಅಕ್ರಿಲಿಕ್ ಆಮ್ಲಕ್ಕೆ ಸೇರಿಸಿ, ಕೊನೆಗೆ ನೀರು ಹಾಕಿದರೆ ಬಿಳಿಯ ಪುಡಿ ಉಳಿಯುತ್ತದೆ. ಇದರಲ್ಲಿ ಪ್ರತಿ ಜರ್ಮೇನಿಯಂ ಪರಮಾಣುವಿಗೂ ಒಂದು ಕಡೆ ಇಂಗಾಲದ ಸರಪಳಿ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಉಳಿದ ಮೂರು ಕಡೆಯಿಂದ ಆಮ್ಲಜನಕದ ಸೇತುವೆಗಳು ಪಕ್ಕದ ಜರ್ಮೇನಿಯಂಗಳಿಗೆ ಹೋಗಿ ಇಡೀ ಪುಡಿ ಒಂದು ಜಾಲದಂತೆ ಹೆಣೆದುಕೊಂಡಿರುತ್ತದೆ. ಸಾವಯವ ದ್ರಾವಕಗಳಲ್ಲಿ ಅದು ಕರಗುವುದಿಲ್ಲ. ನೀರಿನಲ್ಲಿ ನಿಧಾನವಾಗಿ ಕರಗುತ್ತದೆ, ಕರಗುತ್ತಲೇ ಜಾಲ ಬಿಚ್ಚಿ ಮೂರು ಹೈಡ್ರಾಕ್ಸಿಲ್ ಗುಂಪುಗಳಿರುವ ಚಿಕ್ಕ ಆಮ್ಲವಾಗುತ್ತದೆ. ಸಕ್ಕರೆಗಳಂಥ ಅಣುಗಳಲ್ಲಿ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್‌ಗಳು ಸಿಕ್ಕರೆ ಅವಕ್ಕೆ ಅಂಟಿಕೊಳ್ಳುವುದು ಈ ಆಮ್ಲದ ಸ್ವಭಾವ. ಗ್ಲೂಕೋಸನ್ನು ಫ್ರಕ್ಟೋಸ್ ಮಾಡುವ ಕ್ರಿಯೆಯಲ್ಲಿ ಅದು ಫ್ರಕ್ಟೋಸನ್ನು ಹಿಡಿದಿಟ್ಟುಕೊಂಡು ಇಳುವರಿ ಹೆಚ್ಚಿಸುತ್ತದೆ. ಇಲಿಗಳಿಗೆ ತಿನ್ನಿಸಿದಾಗ ಇಂಟರ್‌ಫೆರಾನ್ ಉತ್ಪಾದನೆ ಹೆಚ್ಚಿತೆಂದು 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದರು. ಇವೆಲ್ಲ ನಿಜವಾದ ಗುಣಗಳು, ಕುತೂಹಲ ಹುಟ್ಟಿಸುವ ಗುಣಗಳು. ಅಸಾಯ್ ಇಷ್ಟಕ್ಕೆ ನಿಂತಿದ್ದರೆ ಅವನ ಹೆಸರು ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಗೌರವದಿಂದ ಉಳಿಯುತ್ತಿತ್ತು.

ಅವನು ನಿಲ್ಲಲಿಲ್ಲ. ತನ್ನ ಕೀಲುರೋಗಕ್ಕೆ ತಾನೇ ಆ ಪುಡಿ ತೆಗೆದುಕೊಂಡು ಗುಣ ಕಂಡೆ ಎಂದ. 1980ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವನ ಪುಸ್ತಕ ಹೆಸರಿನಲ್ಲಿಯೇ ಪವಾಡವನ್ನು ಹೊತ್ತುಕೊಂಡು ಯುರೋಪು, ಅಮೆರಿಕಗಳಿಗೆ ಹೋಯಿತು. ರೋಗಗಳಿಗೆಲ್ಲ ಮೂಲ ಆಮ್ಲಜನಕದ ಕೊರತೆ, ಈ ಸಂಯುಕ್ತ ದೇಹಕ್ಕೆ ಆಮ್ಲಜನಕ ತುಂಬುತ್ತದೆ, ಜರ್ಮೇನಿಯಂ ಅರೆವಾಹಕವಾದ್ದರಿಂದ ರೋಗಗ್ರಸ್ತ ಜೀವಕೋಶದ ಎಲೆಕ್ಟ್ರಾನುಗಳನ್ನು ಸೆಳೆದು ಸರಿಪಡಿಸುತ್ತದೆ ಎಂಬುದು ಅವನ ಸಿದ್ಧಾಂತ. ಕೇಳಲು ಸೊಗಸಾಗಿದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಗ್ರಾಂ ಜಿಇ-132ರಲ್ಲಿ ಆ ಸೇತುವೆಯ ಆಮ್ಲಜನಕದ ತೂಕ ಶೇ. 14ರಷ್ಟು. ಅದು ಜರ್ಮೇನಿಯಂ ಬಿಟ್ಟು ಬರುವುದೇ ಇಲ್ಲ. ಬಂದಿತೆಂದೇ ಇಟ್ಟುಕೊಂಡರೂ ಅನಿಲದ ಲೆಕ್ಕದಲ್ಲಿ ಸುಮಾರು 100 ಮಿಲಿಲೀಟರ್ ಆಗುತ್ತದೆ. ಸುಮ್ಮನೆ ಕುಳಿತ ಮನುಷ್ಯನೊಬ್ಬ ನಿಮಿಷಕ್ಕೆ ಬಳಸುವುದು ಸುಮಾರು 250 ಮಿಲಿಲೀಟರ್. ಅಂದರೆ ಒಂದು ಗ್ರಾಂ ಪುಡಿ ಅರ್ಧ ನಿಮಿಷದ ಉಸಿರಿಗೂ ಸಾಲದು. ಅರೆವಾಹಕದ ಮಾತು ಇನ್ನೂ ಸಡಿಲ. ಕೋಟ್ಯಂತರ ಪರಮಾಣುಗಳು ಸ್ಫಟಿಕದಲ್ಲಿ ಸಾಲುಗಟ್ಟಿ ನಿಂತಾಗ ಹುಟ್ಟುವ ಗುಣ ಅದು. ಬಿಡಿ ಪರಮಾಣುವನ್ನು ಇಂಗಾಲಕ್ಕೂ ಆಮ್ಲಜನಕಕ್ಕೂ ಕಟ್ಟಿಹಾಕಿದ ಮೇಲೆ ಅದರಲ್ಲಿ ಟ್ರಾನ್ಸಿಸ್ಟರಿನ ಲಕ್ಷಣ ಹುಡುಕುವುದು, ಒಂದು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ಕಮಾನು ಎಲ್ಲಿ ಎಂದು ಕೇಳಿದಂತೆ.

ಕಲ್ಲಿದ್ದಲಿನಿಂದ ಔಷಧಕ್ಕೆ ಅವನು ಹಾಕಿಕೊಂಡ ದಾರಿಯನ್ನೂ ನೋಡಬೇಕು, ಏಕೆಂದರೆ ಮಾರಾಟಗಾರರು ಈಗಲೂ ಅದನ್ನೇ ಹಿಡಿದು ನಡೆಯುತ್ತಿದ್ದಾರೆ. ಕಲ್ಲಿದ್ದಲು ಹಳೆಯ ಕಾಡು, ಕಲ್ಲಿದ್ದಲಿನಲ್ಲಿ ಜರ್ಮೇನಿಯಂ ಇದೆ, ಆದ್ದರಿಂದ ಗಿಡಮರಗಳು ಜರ್ಮೇನಿಯಂ ಹೀರಿ ಕೂಡಿಟ್ಟಿದ್ದವು, ಆದ್ದರಿಂದ ಔಷಧೀಯ ಸಸ್ಯಗಳ ಗುಣಕ್ಕೆ ಅದೇ ಕಾರಣ ಎಂದು ತರ್ಕ. ಜಿನ್ಸೆಂಗ್, ಬೆಳ್ಳುಳ್ಳಿಗಳಲ್ಲಿ ಹತ್ತು ಲಕ್ಷಕ್ಕೆ ನೂರಾರು ಭಾಗ ಜರ್ಮೇನಿಯಂ ಇದೆಯೆಂದು ಅವನು ಅಂಕಿಗಳನ್ನೂ ಕೊಟ್ಟ. ಸೂಕ್ಷ್ಮ ಉಪಕರಣಗಳು ಬಂದ ಮೇಲೆ ಬೇರೆಯವರು ಅಳೆದಾಗ ಸಸ್ಯಗಳಲ್ಲಿ ಸಿಕ್ಕಿದ್ದು ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತಲೂ ಬಹಳ ಕಡಿಮೆ. ಕಲ್ಲಿದ್ದಲಿನ ಸಾಕ್ಷ್ಯವೂ ತಿರುಗಿಬಿತ್ತು. ಚೀನಾದ ಯುನ್ನಾನಿನ ಲಿನ್‌ಚಾಂಗ್, ಒಳ ಮಂಗೋಲಿಯದ ವುಲಾನ್‌ಟುಗಗಳಲ್ಲಿ ಇವತ್ತು ಜರ್ಮೇನಿಯಂಗಾಗಿಯೇ ಕಲ್ಲಿದ್ದಲು ತೆಗೆಯುತ್ತಾರೆ. ಅಲ್ಲಿನ ಪದರಗಳನ್ನು ಅಭ್ಯಾಸ ಮಾಡಿದವರು ಹೇಳುವಂತೆ, ನೆಲದಾಳದ ಬಿಸಿನೀರು ಗ್ರಾನೈಟ್ ಶಿಲೆಯಿಂದ ಜರ್ಮೇನಿಯಂ ಕರಗಿಸಿಕೊಂಡು ಬಂದು, ಆಗಲೇ ಕೊಳೆತು ಕಪ್ಪಾಗಿದ್ದ ಸಸ್ಯರಾಶಿಯಲ್ಲಿ ಬಿಟ್ಟುಹೋಗಿದೆ. ಗಿಡ ಬದುಕಿದ್ದಾಗ ಹೀರಿದ್ದಲ್ಲ, ಸತ್ತ ಮೇಲೆ ಬಂದು ಸೇರಿದ್ದು. ಮನುಷ್ಯ ದೇಹಕ್ಕೆ ಜರ್ಮೇನಿಯಂ ಬೇಕೇ ಬೇಕು ಎನ್ನಲು ಆಧಾರವೂ ಇಲ್ಲ, ಅದರ ಕೊರತೆಯಿಂದ ಬರುವ ಕಾಯಿಲೆಯೆಂದು ಯಾವುದೂ ಗೊತ್ತಿಲ್ಲ.

ಸಿದ್ಧಾಂತ ತಪ್ಪಾದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಸಾವು ಬಂದದ್ದು ಬಾಟಲಿಯೊಳಗಿನ ಪುಡಿಯಿಂದ. ಜಿಇ-132 ತಯಾರಿಸಲು ಹಲವು ಹಂತ, ಖರ್ಚು ಬೇಕು. ಅದರ ಕಚ್ಚಾವಸ್ತುವಾದ ಜರ್ಮೇನಿಯಂ ಡೈಆಕ್ಸೈಡ್ ಅರೆವಾಹಕದ ಉದ್ಯಮದಲ್ಲಿ ಸಿದ್ಧವಾಗಿಯೇ ಸಿಗುತ್ತಿತ್ತು, ನೋಡಲು ಅದೂ ಬಿಳಿಯ ಪುಡಿ, ಅದೂ ನೀರಿನಲ್ಲಿ ಸ್ವಲ್ಪ ಕರಗುತ್ತದೆ. ಪೇಟೆಗೆ ಬಂದ ಎಷ್ಟೋ ಉತ್ಪನ್ನಗಳಲ್ಲಿ ಇದ್ದದ್ದು ಈ ಡೈಆಕ್ಸೈಡ್. ಯುರೋಪಿನಲ್ಲಿ ಜರ್ಮೇನಿಯಂ ಲ್ಯಾಕ್ಟೇಟ್ ಸಿಟ್ರೇಟ್ ಎಂಬ ಇನ್ನೊಂದು ರೂಪವೂ ಓಡಾಡಿತು. 1980ರ ದಶಕದ ಮೊದಲಿನಿಂದ ಜಪಾನಿನ ವೈದ್ಯರು ವಿಚಿತ್ರ ಮೂತ್ರಪಿಂಡ ವೈಫಲ್ಯವನ್ನು ಕಾಣತೊಡಗಿದರು. ಸೋಸುವ ಗುಚ್ಛಗಳು ನೆಟ್ಟಗಿದ್ದು, ಅವುಗಳ ಮುಂದಿನ ಸೂಕ್ಷ್ಮ ನಳಿಕೆಗಳ ಜೀವಕೋಶಗಳು ಪೊಳ್ಳಾಗಿ ಹಾಳಾಗಿದ್ದವು. ಮೂತ್ರದಲ್ಲಿ ಪ್ರೋಟೀನೂ ಇಲ್ಲ, ರಕ್ತವೂ ಇಲ್ಲ, ಆದ್ದರಿಂದ ಸಾಮಾನ್ಯ ಮೂತ್ರ ಪರೀಕ್ಷೆಗೆ ರೋಗ ಸಿಗುತ್ತಿರಲಿಲ್ಲ. ರೋಗಿಗೆ ತಿಳಿಯುವ ಹೊತ್ತಿಗೆ ಸ್ನಾಯುಗಳು ಬತ್ತಿ, ನರಗಳು ಜೋಮು ಹಿಡಿದು, ರಕ್ತ ಕಡಿಮೆಯಾಗಿರುತ್ತಿತ್ತು. ಪುಡಿ ನಿಲ್ಲಿಸಿದ ಮೇಲೂ ಚೇತರಿಕೆ ನಿಧಾನ, ಹಲವರಲ್ಲಿ ಅರೆಬರೆ. 1997ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 1982ರಿಂದ ವರದಿಯಾದ ಇಂಥ 31 ಪ್ರಕರಣಗಳನ್ನು ಒಟ್ಟುಗೂಡಿಸಿತು. ಅವರು 2ರಿಂದ 36 ತಿಂಗಳಲ್ಲಿ ಒಟ್ಟು 15ರಿಂದ 300 ಗ್ರಾಂಗೂ ಮೇಲ್ಪಟ್ಟು ಜರ್ಮೇನಿಯಂ ಉತ್ಪನ್ನ ತಿಂದಿದ್ದರು. ದಿನದ ಊಟದಲ್ಲಿ ನಮ್ಮ ದೇಹಕ್ಕೆ ಹೋಗುವ ಜರ್ಮೇನಿಯಂ ಒಂದು ಮಿಲಿಗ್ರಾಂ ಆಸುಪಾಸು. ಆ ಲೆಕ್ಕದಲ್ಲಿ ಹದಿನೈದು ಗ್ರಾಂ ಎಂದರೆ ನಲವತ್ತು ವರ್ಷದ ಪಾಲು. 1988ರಲ್ಲಿ ಜಪಾನಿನ ಆರೋಗ್ಯ ಸಚಿವಾಲಯ ಡೈಆಕ್ಸೈಡ್ ಬೆರೆಸಿದ ಆಹಾರವನ್ನು ಸತತವಾಗಿ ತಿನ್ನಬಾರದೆಂದಿತು. ಅದೇ ವರ್ಷ ಅಮೆರಿಕ ಇಂಥ ಉತ್ಪನ್ನಗಳ ಆಮದಿಗೆ ತಡೆಯೊಡ್ಡಿತು, ಮರುವರ್ಷ ಬ್ರಿಟನ್ ಎಚ್ಚರಿಕೆ ಕೊಟ್ಟಿತು. ಮಾರಾಟ ಶುರುವಾಗಿ ಎಚ್ಚರಿಕೆ ಬರುವಷ್ಟರಲ್ಲಿ ಒಂದು ದಶಕಕ್ಕೂ ಮಿಕ್ಕು ಕಾಲ ಹೋಗಿತ್ತು.

ಇಲ್ಲಿ ಅಸಾಯ್ ಪಕ್ಷದವರ ಆಕ್ಷೇಪ ಒಂದಿದೆ, ಅದಕ್ಕೆ ತೂಕವೂ ಇದೆ. ಕೊಂದದ್ದು ಡೈಆಕ್ಸೈಡ್, ಜಿಇ-132 ಅಲ್ಲ, ನಿರವಯವದ ಪಾಪವನ್ನು ಸಾವಯವದ ತಲೆಗೆ ಕಟ್ಟಬೇಡಿ ಎನ್ನುತ್ತಾರೆ ಅವರು. 1991ರಲ್ಲಿ ಜಪಾನಿನ ಸಂಶೋಧಕರು ಇಲಿಗಳ ಒಂದು ಗುಂಪಿಗೆ ಡೈಆಕ್ಸೈಡನ್ನೂ ಇನ್ನೊಂದಕ್ಕೆ ಜಿಇ-132ನ್ನೂ ತಿನ್ನಿಸಿ ನೋಡಿದಾಗ ಮೊದಲ ಗುಂಪಿನ ಮೂತ್ರಪಿಂಡದ ನಳಿಕೆಗಳು ಮಾತ್ರ ಕೆಟ್ಟವು. ಶುದ್ಧ ಸಾವಯವ ರೂಪ ದೇಹದಲ್ಲಿ ಬಹಳ ನಿಲ್ಲದೆ ಮೂತ್ರದಲ್ಲಿ ಹೊರಹೋಗುತ್ತದೆ, ಡೈಆಕ್ಸೈಡ್ ಅಂಗಾಂಗಗಳಲ್ಲಿ ಉಳಿದುಬಿಡುತ್ತದೆ. ಈ ವ್ಯತ್ಯಾಸವನ್ನು ಒಪ್ಪುತ್ತೇನೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಅಂಗಡಿಯಲ್ಲಿ ನಿಂತ ಗಿರಾಕಿಗೆ ಎರಡು ಬಿಳಿಯ ಪುಡಿಗಳನ್ನು ಬೇರ್ಪಡಿಸುವ ದಾರಿ ಯಾವುದಿತ್ತು? ಮಾರುವವನೇ ಎಷ್ಟೋ ಸಲ ಬಲ್ಲವನಾಗಿರಲಿಲ್ಲ. ಹಲವು ರೋಗಿಗಳು ತಿಂದದ್ದು ಸಾವಯವವೆಂದು ಲೇಬಲ್ ಹಚ್ಚಿದ ಉತ್ಪನ್ನಗಳನ್ನೇ. ಅದಕ್ಕೇ 2000ದಲ್ಲಿಯೂ ಜರ್ಮನಿಯ ಆರೋಗ್ಯ ಇಲಾಖೆ ಜಿಇ-132 ಹೆಸರಿನ ಕ್ಯಾಪ್ಸೂಲುಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಬೇಕಾಯಿತು. ಡೈಆಕ್ಸೈಡಿನಿಂದಲೇ ತಯಾರಾಗುವ ವಸ್ತುವಿನಲ್ಲಿ ಡೈಆಕ್ಸೈಡ್ ಉಳಿದಿಲ್ಲ ಎಂದು ಪ್ರತಿ ಕಂತಿಗೂ ಪರೀಕ್ಷಿಸಿ ಹೊಣೆ ಹೊರುವವರು ಬೇಕು. ಆಹಾರ ಪೂರಕಗಳ ಪೇಟೆಯಲ್ಲಿ ಅಂಥವರಿಗೆ ಜಾಗವೇ ಇರಲಿಲ್ಲ.

ಔಷಧದ ದಾರಿಯಲ್ಲಿ ಆ ಜಾಗ ಇತ್ತು. ಜಪಾನಿನ ಸಾನ್ವಾ ಕಂಪನಿ ಇದೇ ಅಣುವನ್ನು ಪ್ರೊಪಜರ್ಮೇನಿಯಂ ಎಂಬ ಹೆಸರಿನಲ್ಲಿ ಶುದ್ಧಗೊಳಿಸಿ, ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಲ್ಲಿ ಪರೀಕ್ಷಿಸಿ, 1994ರಲ್ಲಿ ಸೆರೋಸಿಯಾನ್ ಎಂದು ಮಾರುಕಟ್ಟೆಗೆ ತಂದಿತು. ಪ್ರಮಾಣ ದಿನಕ್ಕೆ 30 ಮಿಲಿಗ್ರಾಂ, ಅದೂ ಹದಿನಾರು ವಾರಕ್ಕೆ. ಪೂರ್ತಿ ಚಿಕಿತ್ಸೆ ಸೇರಿಸಿದರೆ ಮೂರೂವರೆ ಗ್ರಾಮೂ ಆಗದು. ಪೂರಕದ ಗಿರಾಕಿಗಳು ನುಂಗಿದ ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಬೇರೆ ವಿವರಣೆ ಬೇಡ. ಆದರೂ ಅನಾಹುತ ತಪ್ಪಲಿಲ್ಲ. ಕೆಲವು ರೋಗಿಗಳಲ್ಲಿ ಯಕೃತ್ತಿನ ಉರಿಯೂತ ಏಕಾಏಕಿ ಉಲ್ಬಣಿಸಿ ಸಾವುಗಳಾದವು. ಹಾಗಾದರೆ ಪರವಾನಗಿ ಕೊಟ್ಟ ಔಷಧವೂ ಕೊಲ್ಲುತ್ತದೆ, ಪರವಾನಗಿಯ ಹೆಚ್ಚುಗಾರಿಕೆ ಏನು ಎಂದು ಯಾರಾದರೂ ಕೇಳಬಹುದು. ಹೆಚ್ಚುಗಾರಿಕೆ ಕಾಲದಲ್ಲಿದೆ. ಮಾರಾಟಕ್ಕೆ ಬಂದ ವರ್ಷವೇ ವೈದ್ಯರ ವರದಿಗಳು ಒಂದೆಡೆ ಸೇರಿ, ತುರ್ತು ಎಚ್ಚರಿಕೆ ಹೊರಟು, ಯಾರಿಗೆ ಕೊಡಬಾರದು, ಯಾವ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡಬೇಕು ಎಂಬುದು ಬಿಗಿಯಾಯಿತು. ಪುಡಿಯ ವ್ಯಾಪಾರದಲ್ಲಿ ಅಷ್ಟೇ ತಿಳಿಯಲು ಹಿಡಿದ ಕಾಲವನ್ನು ಆಗಲೇ ಹೇಳಿದೆ.

ಇನ್ನೊಂದು ಆಕ್ಷೇಪ ಸುದ್ದಿಯಂತೆ ಓಡಾಡುತ್ತದೆ. ಅಗ್ಗದ ದಿವ್ಯೌಷಧವೊಂದನ್ನು ದೊಡ್ಡ ಕಂಪನಿಗಳೂ ಆಸ್ಪತ್ರೆಗಳೂ ಸೇರಿ ಹೂತುಹಾಕಿದವು ಎಂಬುದು ಅದರ ಸಾರ. ಚರಿತ್ರೆ ಇದಕ್ಕೆ ಒಪ್ಪುವುದಿಲ್ಲ. ಸ್ಪೈರೋಜರ್ಮೇನಿಯಂ ಎಂಬ ಇನ್ನೊಂದು ಸಾವಯವ ಜರ್ಮೇನಿಯಂ ಸಂಯುಕ್ತವನ್ನು 1980ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಹಲವು ಬಗೆಯ ಕ್ಯಾನ್ಸರ್ ರೋಗಿಗಳಲ್ಲಿ ಸಾಲುಸಾಲಾಗಿ ಪರೀಕ್ಷಿಸಿದವು. ತಲೆಸುತ್ತು, ನಡಿಗೆ ತಪ್ಪುವುದು, ಶ್ವಾಸಕೋಶದ ತೊಂದರೆ ಕಂಡವು, ಗಡ್ಡೆ ಕರಗಿದ್ದು ತೀರ ವಿರಳ. ಕೈಬಿಟ್ಟರು. ಮುಚ್ಚಿಡುವ ಮನಸ್ಸಿದ್ದವರು ಇಷ್ಟು ಕಷ್ಟಪಡುವುದಿಲ್ಲ. ಜಿಇ-132ರ ಪರವಾಗಿಯೂ ವೈದ್ಯಕೀಯ ಪತ್ರಿಕೆ ಬಾಗಿಲು ಮುಚ್ಚಿರಲಿಲ್ಲ. 2000ದಲ್ಲಿ ಅಮೆರಿಕದ ‘ಚೆಸ್ಟ್’ ಪತ್ರಿಕೆ, ಶ್ವಾಸಕೋಶದ ಅಪರೂಪದ ಕ್ಯಾನ್ಸರಿದ್ದ ಒಬ್ಬ ರೋಗಿ ಈ ಪುಡಿ ತೆಗೆದುಕೊಂಡ ಮೇಲೆ ಪೂರ್ತಿ ಗುಣವಾದದ್ದನ್ನು ಪ್ರಕಟಿಸಿತು. ಮಾರಾಟಗಾರರು ಆ ಒಂದು ವರದಿಯನ್ನು ಇವತ್ತಿಗೂ ಮುಂದೆ ಹಿಡಿಯುತ್ತಾರೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಚಿಕಿತ್ಸೆಯಿಲ್ಲದೆಯೂ ಅಪರೂಪಕ್ಕೆ ಗಡ್ಡೆ ಕರಗುವುದುಂಟು. ಒಬ್ಬ ರೋಗಿಯಲ್ಲಿ ಯಾವುದು ಯಾವುದರಿಂದ ಆಯಿತೆಂದು ಹೇಳಲು, ಅದೇ ಪುಡಿ ತಿಂದು ಗುಣವಾಗದವರ ಸಂಖ್ಯೆ ಗೊತ್ತಿರಬೇಕು. ಆ ಸಂಖ್ಯೆಯನ್ನು ಅಂಗಡಿಗಳು ಬರೆದಿಡಲೇ ಇಲ್ಲ.

ತಿನ್ನುವ ಜರ್ಮೇನಿಯಂ ಹಿನ್ನಡೆ ಕಂಡ ಮೇಲೆ ವ್ಯಾಪಾರ ಚರ್ಮದ ಮೇಲೆ ಬಂತು. ಜರ್ಮೇನಿಯಂ ಬೆರೆಸಿದ ಬಿಸಿನೀರಿನಲ್ಲಿ ಕೈಕಾಲು ಅದ್ದುವ ಸ್ನಾನಗಳು, ಜರ್ಮೇನಿಯಂ ಮಣಿಯ ಕೈಬಳೆಗಳು ಜಪಾನಿನಲ್ಲಿ ಹಬ್ಬಿದವು. ಅಲ್ಲಿನ ರಾಷ್ಟ್ರೀಯ ಗ್ರಾಹಕ ಕೇಂದ್ರ 2009ರಲ್ಲಿ ಇಂಥ ಬಳೆಗಳನ್ನು ತರಿಸಿ ಪರೀಕ್ಷಿಸಿ, ಆರೋಗ್ಯದ ಹೇಳಿಕೆಗಳಿಗೆ ವೈಜ್ಞಾನಿಕ ಆಧಾರ ಸಿಗಲಿಲ್ಲ ಎಂದಿತು. ಅಯಸ್ಕಾಂತ, ಋಣ ಅಯಾನು, ಜರ್ಮೇನಿಯಂ ಎಲ್ಲ ಸೇರಿದ ಬಳೆಗಳು ನಮ್ಮ ದೇಶದ ಆನ್‌ಲೈನ್ ಅಂಗಡಿಗಳಲ್ಲೂ ಸಿಗುತ್ತವೆ. ಇವು ಮೂತ್ರಪಿಂಡಕ್ಕೆ ಏನೂ ಮಾಡಲಾರವು, ಜೇಬಿಗಷ್ಟೇ. ಆಶ್ಚರ್ಯವಾಗುವುದು ಇನ್ನೊಂದು ಕಡೆಯ ಬೆಳವಣಿಗೆಗೆ. ಉರಿಯೂತದ ಜಾಗಕ್ಕೆ ಬಿಳಿ ರಕ್ತಕಣಗಳನ್ನು ಕರೆಯುವ ಸಂಕೇತವೊಂದನ್ನು ಪ್ರೊಪಜರ್ಮೇನಿಯಂ ತಡೆಯುತ್ತದೆಂದು 2001ರ ಸುಮಾರಿಗೆ ಜಪಾನಿನಲ್ಲಿ ಗೊತ್ತಾಯಿತು. ಅಸಾಯ್ ಕಲ್ಪಿಸಿದ ಆಮ್ಲಜನಕಕ್ಕೂ ಎಲೆಕ್ಟ್ರಾನಿಗೂ ಇದಕ್ಕೆ ಸಂಬಂಧವಿಲ್ಲ. ಆ ಸುಳಿವು ಹಿಡಿದು ಆಸ್ಟ್ರೇಲಿಯದ ಡೈಮೆರಿಕ್ಸ್ ಕಂಪನಿ ಇದೇ ಅಣುವನ್ನು ರೆಪಜರ್ಮೇನಿಯಂ ಎಂಬ ಹೆಸರಿನಲ್ಲಿ, ರಕ್ತದೊತ್ತಡದ ಒಂದು ಮಾತ್ರೆಯ ಜೊತೆಗೆ, ಎಫ್‌ಎಸ್‌ಜಿಎಸ್ ಎಂಬ ಕಾಯಿಲೆಗೆ ಪರೀಕ್ಷಿಸಲು ಹೊರಟಿತು. ಅದು ಮೂತ್ರಪಿಂಡದ ಕಾಯಿಲೆಯೇ. ಮೂರನೆಯ ಹಂತದ ಆ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಹುಸಿಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಎರಡು ವರ್ಷ ಕಾಲ ಪ್ರತಿಯೊಬ್ಬರ ಮೂತ್ರದ ಪ್ರೋಟೀನನ್ನೂ ಮೂತ್ರಪಿಂಡ ಸೋಸುವ ವೇಗವನ್ನೂ ಅಳೆದು ಬರೆದಿಡುವ ಏರ್ಪಾಡು ಅದರಲ್ಲಿದೆ.